ಹದಿನೇಳರ ಮುದ್ರೆ

9-8-1971, ಸೋಮವಾರ, ಬೆಳಿಗ್ಗೆ 6

ಕಾಫಿಪುಡಿ ಡಬ್ಬದಲ್ಲಿ ನಿನ್ನೆ ಹಾಕಿದ ಗೆರೆಗಿಂತ ಅರ್ಧ ಬೆರಳು ಇಳಿದಿದೆ. ಅಂಜಿನಮ್ಮನನ್ನು ಕೇಳಿದೆ. ನಿಮ್ಮ ಭಾಮೈದ ಎರಡು ಸಲ ಕುಡಿದ ಎಂದಳು. ತಪ್ಪು ಮಾಡಿದಾಗ ಗಂಗಣ್ಣ ನನ್ನ ಭಾಮೈದ, ಒಳ್ಳೆಯದು ಮಾಡಿದಾಗ ಅವಳ ತಮ್ಮ. ಅವನನ್ನು ಕೇಳಿದರೆ ಒಂದೇ ಸಲವಂತೆ. ಇಬ್ಬರಲ್ಲಿ ಒಬ್ಬರದ್ದು ಸುಳ್ಳು. ಬರೆದಿಟ್ಟಿದ್ದೇನೆ.

ಬೈಲಪ್ಪನಿಗೆ ಹುಟ್ಟಾ ಅನುಮಾನ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಬೆಂಗಳೂರಿನ ವಿಮಾನದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಇನ್ಸ್‌ಪೆಕ್ಟರ್ ಆಗಿದ್ದೆ. ಸಂಬಳ ಕೊಟ್ಟದ್ದೇ ಅನುಮಾನ ಪಡುವುದಕ್ಕೆ. ನನ್ನ 17ನೇ ನಂಬರಿನ ಮುದ್ರೆ ಬಿದ್ದ ಒಂದು ತುಂಡು ತಗಡೂ ವಾಪಸು ಬಂದದ್ದಿಲ್ಲ.

ರಿಟೈರಾಗಿ ದೇವನಹಳ್ಳಿಯಲ್ಲಿ ಸುಮ್ಮನೆ ಕೂತಿದ್ದವನನ್ನು ಕುಂದಾಣದ ಮುನಿವೆಂಕಟಪ್ಪನವರು ಮನೆಗೇ ಬಂದು ಕರೆದರು. ಬೊಂಬಾಯಿಯ ಕಾರು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಇಂಜಿನಿಯರ್ ಆಗಿದ್ದು, ಈಗ ತಮ್ಮದೇ ಜಮೀನಿನಲ್ಲಿ ಶೆಡ್ ಹಾಕಿದ್ದಾರೆ. ಇಬ್ಬರು ಕೂರುವ ವಿಮಾನ. ಕಾರು ಮಾಡುವ ಹಾಗೇ ಮಾಡುವುದಂತೆ — ಅಚ್ಚಿನಲ್ಲಿ ಒತ್ತಿ, ಒಂದರ ಹಿಂದೆ ಒಂದು. ಎರಡು ಕಾರಿನ ಬೆಲೆಗೆ ಒಂದು ವಿಮಾನ. ಸದ್ದೂ ಇರುವುದಿಲ್ಲವಂತೆ.

ಹೊಸ ಮುದ್ರೆಗೆ ಯಾವ ನಂಬರ್ ಬೇಕು ಎಂದು ಕೇಳಿದರು. ಹದಿನೇಳೇ ಬೇಕು ಎಂದೆ. ಮಾಡಿಸಿಕೊಟ್ಟರು. ಉಡಿದಾರಕ್ಕೆ ಕಟ್ಟಿಕೊಂಡಿದ್ದೇನೆ. ಮೇಜಿನ ಡ್ರಾಯರ್ ಅನ್ನು ನಂಬುವವನು ನಾನಲ್ಲ.

17-8-1971

ಕಾರು ಕಾರ್ಖಾನೆಯ ಕಡೆಯ ಫೋರ್ಮನ್ ಬಂದ. ಚಿನ್ನಸ್ವಾಮಿ. ಮದರಾಸಿನವನು, ಕನ್ನಡ ಕಲಿತದ್ದು ಕೋಲಾರದಲ್ಲಿ. ಬಿಳಿ ಷರ್ಟು, ಜೇಬಿನಲ್ಲಿ ಮೂರು ಪೆನ್ನು. ಕೆಲಸ ಮಾಡುವವನ ಷರ್ಟು ಅಷ್ಟು ಬಿಳಿ ಇರುವುದಿಲ್ಲ.

ಮೊದಲ ದಿನವೇ ಜಗಳ. ಹತ್ತರಲ್ಲಿ ಒಂದನ್ನು ನೋಡಿದರೆ ಸಾಕಂತೆ. ಅಚ್ಚು ಸರಿ ಇದ್ದರೆ ಅದರಿಂದ ಬಂದ ಹತ್ತೂ ಸರಿ, ಇನ್ಸ್‌ಪೆಕ್ಟರ್ ನೋಡಬೇಕಾದ್ದು ಅಚ್ಚನ್ನು, ತುಂಡನ್ನಲ್ಲ ಎಂದು ಪಾಠ ಹೇಳಿದ. ಕಾರು ಕೆಟ್ಟರೆ ರಸ್ತೆ ಪಕ್ಕ ನಿಲ್ಲುತ್ತದೆ, ವಿಮಾನ ಎಲ್ಲಿ ನಿಲ್ಲಿಸುತ್ತೀಯಪ್ಪ ಎಂದೆ. ಮುನಿವೆಂಕಟಪ್ಪ ಸಾಹೇಬರು ನಕ್ಕರು. ಅವನು ನಗಲಿಲ್ಲ. ಬರೆದುಕೊಂಡ. ನಾನು ಹೇಳಿದ್ದನ್ನು ಬರೆದುಕೊಳ್ಳುವವನು ಯಾಕೆ ಬರೆದುಕೊಳ್ಳುತ್ತಾನೆ?

ಇನ್ನೊಂದು ಪದ್ಧತಿ ತಂದಿದ್ದಾನೆ. ತಗಡಿಗೆ ತಗಡು ಕೂಡಿಸುವ ದಿನದ ರಿವೆಟ್ ಕೆಲಸದ ಜೊತೆಗೆ, ಅದೇ ಡಬ್ಬಿಯ ರಿವೆಟ್ಟಿನಲ್ಲಿ, ಅಂಗೈ ಅಗಲದ ಒಂದು ತಗಡಿನ ಪಟ್ಟಿಯನ್ನೂ ಬಡಿಯಬೇಕು. ತಾರೀಖು ಕೆತ್ತಿ ತಂತಿಗೆ ನೇತುಹಾಕಬೇಕು. ತಿಂಗಳಿಗೊಮ್ಮೆ ಎಲ್ಲವನ್ನೂ ಸೀಳಿ ನೋಡುತ್ತಾನಂತೆ. ಪಟ್ಟಿ ಸೀಳಿದರೆ ರೆಕ್ಕೆಯೊಳಗೆ ಏನಿದೆ ಎಂದು ಗೊತ್ತಾಗುತ್ತದಂತೆ. ಪಕ್ಕದ ಮನೆ ಅನ್ನ ಹಿಸುಕಿ ನಮ್ಮ ಮನೆ ಅನ್ನ ಬೆಂದಿದೆ ಅಂದ ಹಾಗೆ.

2-9-1971

ಐಸ್ ಪೆಟ್ಟಿಗೆ ಬಂತು. ಇದು ಒಂದನ್ನು ಮಾತ್ರ ನಮ್ಮ ಕಡೆಯ ಪದ್ಧತಿಯಲ್ಲಿ ಮಾಡಿಸಿದ್ದೇನೆ.

ಈ ರಿವೆಟ್ಟನ್ನು ಕಾಯಿಸಿ ನೀರಿಗದ್ದಿದ ಮೇಲೆ ಮೆತ್ತಗಿರುತ್ತದೆ. ಹೊರಗಿಟ್ಟರೆ ಒಂದೆರಡು ಗಂಟೆಯಲ್ಲಿ ತಾನಾಗಿ ಗಟ್ಟಿಯಾಗಿಬಿಡುತ್ತದೆ. ಗಟ್ಟಿಯಾದ ಮೇಲೆ ಬಡಿದರೆ ಒಳಗೇ ಸೀಳು. ಮೇಲೆ ಕಾಣುವುದು ಕೂದಲೆಳೆಯಷ್ಟು, ಕಂಡರೆ. ಅದಕ್ಕೇ ಬಡಿಯುವ ಗಳಿಗೆಯವರೆಗೂ ಐಸಿನಲ್ಲಿರಬೇಕು. ರಿವೆಟ್ ಬಡಿಯುವ ದೊಡ್ಡಬೀರಪ್ಪನಿಗೆ ಮೂರು ಸಲ ಹೇಳಿದೆ. ತಲೆಯಾಡಿಸಿದ. ಏನು ಹೇಳಿದರೂ ತಲೆಯಾಡಿಸುತ್ತಾನೆ.

ಐಸು ದೊಡ್ಡಬಳ್ಳಾಪುರದಿಂದ ಬೆಳಗಿನ ಬಸ್ಸಿನಲ್ಲಿ, ಮರದ ಹೊಟ್ಟು ತುಂಬಿದ ಗೋಣಿಯಲ್ಲಿ ಬರುತ್ತದೆ. ದಾರಿಯಲ್ಲಿ ಕಂಡಕ್ಟರ್ ಒಂದು ತುಂಡು ಮುರಿದುಕೊಳ್ಳುತ್ತಾನೆ, ಅದೂ ಗೊತ್ತು. ಪೆಟ್ಟಿಗೆಗೆ ಬೀಗ ಹಾಕಿಸಿದೆ. ಸುತ್ತ ಹತ್ತು ಮೈಲಿಯಲ್ಲಿ ಐಸು ಎಂಬುದು ಇರುವುದು ಇಲ್ಲೊಂದೇ ಕಡೆ, ಇಲ್ಲದಿದ್ದರೆ ಇವರು ಶರಬತ್ತು ಮಾಡಿಕೊಂಡು ಕುಡಿದುಬಿಡುತ್ತಾರೆ. ಕೀಲಿಯೂ ಉಡಿದಾರದಲ್ಲೇ. ಬೆಳಿಗ್ಗೆ ಒಂದು ಸಲ ಪಾಪಕ್ಕನಿಗೆ ಕೊಡುತ್ತೇನೆ — ಶೆಡ್ ಗುಡಿಸಿ, ಅಡುಗೆ ಮಾಡಿ, ಪೆಟ್ಟಿಗೆಯ ಕರಗಿದ ನೀರು ಚೆಲ್ಲುವುದು ಅವಳ ಕೆಲಸ. ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಥರ್ಮಾಮೀಟರ್ ನೋಡಿ ಪೆಟ್ಟಿಗೆಯ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

21-10-1971

ಚಿನ್ನಸ್ವಾಮಿಯನ್ನು ಪರೀಕ್ಷೆ ಮಾಡಿದೆ. ನಾಲ್ಕನೇ ವಿಮಾನಕ್ಕೆಂದು ಒತ್ತಿಟ್ಟ ಸೆಟ್ಟಿನ ರೆಕ್ಕೆಯ ಪಕ್ಕೆಲುಬೊಂದಕ್ಕೆ ಕಾಪಿಯಿಂಗ್ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟು, ಯಾರೂ ಇಲ್ಲದಾಗ ಒಂದನೇ ಸೆಟ್ಟಿಗೆ ಸೇರಿಸಿದೆ. ನಮ್ಮ ಕಾರ್ಖಾನೆಯಲ್ಲಾದರೆ ಅರ ಹಾಕಿ ಉಜ್ಜದೆ ಕೂರುತ್ತಿರಲಿಲ್ಲ. ಇಲ್ಲಿ ದೊಡ್ಡಬೀರಪ್ಪ ಇಟ್ಟ, ತೂತಿಗೆ ತೂತು ಕೂತಿತು, ಬಡಿದ. ಹಾಡು ಗುನುಗುತ್ತಾ ಬಡಿದ.

ಹಾಗೆ ಕೂರುವುದಕ್ಕೆ ಸಾಧ್ಯವಿಲ್ಲ. ಯಾರೋ ನೋಡಿ ಮೊದಲೇ ಉಜ್ಜಿಟ್ಟಿರಬೇಕು.

ಇನ್ನೂ ಮೂರು ಬದಲಿಸಿದೆ. ಮೂರೂ ಕೂತವು.

8-12-1971

ಯುದ್ಧ. ಕಿಟಕಿಗೆಲ್ಲ ಕಪ್ಪು ಕಾಗದ. ಇವತ್ತು ಪೊಲೀಸರು ಶೆಡ್ಡಿಗೆ ಬಂದಿದ್ದರು. ಸದ್ದಿಲ್ಲದ ವಿಮಾನ ಮಾಡ್ತಿದ್ದಾರೆ, ಯಾವ ದೇಶಕ್ಕೋ ಏನೋ ಎಂದು ಯಾರೋ ಅರ್ಜಿ ಬರೆದಿದ್ದಾರೆ. ನಾನಲ್ಲ. ಬರೆಯಬೇಕು ಅಂತ ಎರಡು ಸಲ ಕೂತಿದ್ದು ನಿಜ.

ಸಾಹೇಬರು ಕಾಗದ ಪತ್ರ ತೋರಿಸಿದರು. ಸದ್ದು ಯಾಕಿರಬಾರದು ಎಂದು ಪೊಲೀಸ್ ಇನ್ಸ್‌ಪೆಕ್ಟರು ಕೇಳಿದ್ದಕ್ಕೆ, ಊರ ಪಕ್ಕ ಇಳಿಯಬೇಕಾದ ವಸ್ತು ಊರವರ ನಿದ್ದೆ ಕೆಡಿಸಿದರೆ ಒಂದು ವಾರವೂ ಇಟ್ಟುಕೊಳ್ಳುವುದಿಲ್ಲ ಎಂದರು. ಪೊಲೀಸರು ಕಾಫಿ ಕುಡಿದು ಹೋದರು. ಶೆಡ್ಡಿಗೆ ಬೀಗ. ಯುದ್ಧ ಮುಗಿಯುವವರೆಗೆ ಕೆಲಸ ಇಲ್ಲ.

20-1-1972

ಕೆಲಸ ಶುರು. ಇವತ್ತು ಇಂಜಿನ್ ಓಡಿಸಿದರು.

ಅದನ್ನು ಬರೆಯಲೇಬೇಕು. ಅಂಗಳದಲ್ಲಿ ವಿಮಾನವನ್ನು ಗೂಟಕ್ಕೆ ಕಟ್ಟಿದ್ದರು. ಮೂತಿಯಲ್ಲಿ ಆಳೆತ್ತರದ ಫ್ಯಾನು, ನಿಧಾನ ತಿರುಗುವಂಥದ್ದು. ಹೊಗೆ ಕೊಳವೆಗೆ ಸದ್ದು ನುಂಗಲು ಡಬ್ಬದೊಳಗೆ ಡಬ್ಬ. ಗಂಗಣ್ಣ ಒಳಗೆ ಕೂತ. ಜಕ್ಕೂರಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ಕಾಗಿ ಸೇರಿ ಹಾರುವ ಲೈಸೆನ್ಸನ್ನೂ ತೆಗೆದುಕೊಂಡವನು. ಅವನೇ ಹಾರಿಸುವವನು ಎಂದು ಸಾಹೇಬರು ಗೊತ್ತುಮಾಡಿದ್ದಾರೆ. ಫ್ಯಾನು ತಿರುಗಿತು. ಹುಲ್ಲು ಮಲಗಿತು. ಐವತ್ತು ಹೆಜ್ಜೆ ದೂರದಲ್ಲಿ ಸಾಹೇಬರ ತಾಯಿ ಅಮ್ಮಯಮ್ಮ ರಾಗಿ ಕೇರುತ್ತಿದ್ದರು. ತಲೆ ಎತ್ತಿ ನೋಡಲಿಲ್ಲ. ಮೊರದ ಸದ್ದು ನನಗೆ ಕೇಳಿಸುತ್ತಿತ್ತು, ಇಂಜಿನ್ನಿನ ಸದ್ದಲ್ಲ.

ಇಪ್ಪತ್ತಾರು ವರ್ಷ ವಿಮಾನದ ಪಕ್ಕ ನಿಂತು ಬಲಗಿವಿ ಅರ್ಧ ಹೋಗಿದೆ. ಇಂಥದ್ದು ಕಂಡಿರಲಿಲ್ಲ. ಯಾರೂ ನೋಡದ ಹಾಗೆ ಕಣ್ಣೊರೆಸಿಕೊಂಡೆ.

ಮನೆಗೆ ಬರುವ ದಾರಿಯಲ್ಲಿ ಮತ್ತೆ ಅದೇ ಯೋಚನೆ. ಒಳ್ಳೆಯ ಕೆಲಸ ಮಾಡುವವನು ಸದ್ದಿಲ್ಲದೆ ಯಾಕೆ ಬರುತ್ತಾನೆ? ಬೆಕ್ಕೂ ಸದ್ದಿಲ್ಲದೆಯೇ ಬರುವುದು.

22-3-1972

ಚಿನ್ನಸ್ವಾಮಿ ಎರಡು ದಿನ ಮದರಾಸಿಗೆ. ತಂಗಿಯ ಮದುವೆ ಮಾತಂತೆ. ಎಡ ರೆಕ್ಕೆಯ ಬುಡ ಬಡಿದು ಮುಚ್ಚುವ ಹೊತ್ತಿಗೇ ತಂಗಿಗೆ ಗಂಡು ಸಿಕ್ಕಿತೇ? ಬಲ ರೆಕ್ಕೆ ಮುಗಿದಿದೆ. ಅದರ ಬುಡದ ನೂರ ನಲವತ್ತು ರಿವೆಟ್ಟನ್ನೂ ಲೆನ್ಸಿಟ್ಟು ನೋಡಿದ್ದೇನೆ.

ನಾಳೆ ಸಾಹೇಬರನ್ನು ನೋಡಲು ಬೊಂಬಾಯಿಯಿಂದ ಯಾರೋ ಬರುತ್ತಾರಂತೆ. ಯಾರು, ಯಾಕೆ ಎಂದು ನನಗೆ ಹೇಳಿಲ್ಲ.

23-3-1972, ಗುರುವಾರ, ಸಂಜೆ

ರಾಮನವಮಿ. ಬೆಳಿಗ್ಗೆ ಶೆಡ್ಡಿಗೆ ತೋರಣ. ಮಷೀನುಗಳಿಗೆಲ್ಲ ಕುಂಕುಮ. ಪಾಪಕ್ಕ ಎಂದಿನಂತೆ ಪೆಟ್ಟಿಗೆಯ ಕೀಲಿ ತೆಗೆದುಕೊಂಡು ಹೋದಳು, ತಂದುಕೊಟ್ಟಳು. ಹನ್ನೊಂದಕ್ಕೆ ಪೂಜೆ. ಕೋಸಂಬರಿ, ಪಾನಕ. ಪಾನಕ ಎರಡು ಲೋಟ ಕುಡಿದೆ. ಬೆಲ್ಲ, ಏಲಕ್ಕಿ, ಶುಂಠಿ ಎಲ್ಲ ಹದ. ಹಲ್ಲು ಜುಮ್ಮೆಂದಿತು. ಆ ಬಿಸಿಲಿಗೆ ಅಮೃತ. ಪಾಪಕ್ಕನ ಕೈಗುಣ ಒಂದನ್ನು ನಾನು ಯಾವತ್ತೂ ಅನುಮಾನಿಸಿಲ್ಲ.

ಬೊಂಬಾಯಿಯವನು ಎರಡು ಗಂಟೆಗೆ ಬಂದ. ಕಪ್ಪು ಕನ್ನಡಕ. ಸಾಹೇಬರೊಂದಿಗೆ ಬಾಗಿಲು ಹಾಕಿಕೊಂಡು ಮಾತು. ಸ್ಟೋರಿನ ಕಿಟಕಿಯಿಂದ ಐದರವರೆಗೆ ನೋಡುತ್ತಾ ನಿಂತೆ. ನಕ್ಷೆ ತೋರಿಸಿದರು. ಕೊಟ್ಟು ಕಳಿಸಲಿಲ್ಲ. ಇವತ್ತಿಗೆ ಕೊಡಲಿಲ್ಲ, ಅಷ್ಟೇ.

ದೊಡ್ಡಬೀರಪ್ಪ ಮೂರಕ್ಕೆ ಶುರುಮಾಡಿ ಎಡ ರೆಕ್ಕೆಯ ಬುಡ ಮುಗಿಸಿದ. ಹೊರಡುವ ಮುಂಚೆ ಕಣ್ಣು ಹಾಯಿಸಿದೆ. ಸರಿಯಿತ್ತು. ಮುದ್ರೆ ಹಾಕಿದೆ.

10-4-1972, ಸೋಮವಾರ

ನಾನು ಹೇಳಿದ್ದೇ ಆಯಿತು. ಹಾವು ಹುತ್ತದಿಂದ ಹೊರಗೆ ಬಂತು.

ಚಿನ್ನಸ್ವಾಮಿ ತಿಂಗಳ ಪಟ್ಟಿಗಳನ್ನು ಇವತ್ತು ಸೀಳಿದ. ಹತ್ತು ದಿನ ತಡವಾಗಿ. ಆಮೇಲೆ ನನ್ನ ಮೇಜಿಗೆ ಬಂದು ಒಂದು ಪಟ್ಟಿ ಇಟ್ಟ. 23-3 ಎಂದು ಕೆತ್ತಿದೆ. ಎಂಟು ರಿವೆಟ್ಟಿನಲ್ಲಿ ಐದಕ್ಕೆ ಒಳಗೆ ಸೀಳು. ಉಳಿದ ದಿನದ್ದೆಲ್ಲ ಚೆನ್ನಾಗಿವೆಯಂತೆ.

"ಸಾರ್, ಯಾಕೆ ಹಿಂಗಾಯ್ತು ಅಂತ ನನಗೂ ಗೊತ್ತಾಗ್ತಿಲ್ಲ. ನಾನು ಊರಲ್ಲಿರ್ಲಿಲ್ಲ. ಎಡ ರೆಕ್ಕೆ ಬುಡ ಬಿಚ್ಚಿ ನೋಡ್ಬಿಡೋಣ ಸಾರ್. ಎಂಟು ದಿನದ ಕೆಲಸ."

ಹಾರಾಟಕ್ಕೆ ಐದು ದಿನ. ದೆಹಲಿಯಿಂದ ಅನುಮತಿ ಬಂದಿರುವುದು ಹದಿನೈದನೇ ತಾರೀಖಿಗೆ. ಅದು ತಪ್ಪಿದರೆ ಮತ್ತೆ ಆರು ತಿಂಗಳು. ಇವನು ಈಗ ಬಿಚ್ಚು ಎನ್ನುತ್ತಾನೆ. ಬಿಚ್ಚಿದರೆ ಏನರ್ಥ? ಹದಿನೇಳರ ಮುದ್ರೆ ಸುಳ್ಳು ಎಂದರ್ಥ. ಒಂದೊಂದೂ ನೋಡುತ್ತೇನೆ ಎನ್ನುವ ಮುದುಕನ ಮುದ್ರೆಗಿಂತ ತನ್ನ ಪಟ್ಟಿಯೇ ಸರಿ ಎಂದು ಅವನು ಸಾಹೇಬರಿಗೆ ತೋರಿಸಬೇಕು. ಆಮೇಲೆ ಮುದುಕ ಮನೆಗೆ. ಹತ್ತರಲ್ಲಿ ಒಂದು ಶೆಡ್ಡಿಗೆ.

ಪಟ್ಟಿ ಹದಿನೆಂಟು ದಿನ ತಂತಿಯ ಮೇಲೆ ಯಾರ ಕೈಗೂ ಸಿಗುವ ಹಾಗೆ ತೂಗಾಡುತ್ತಿತ್ತು. ಇನ್ನೊಂದು ಪಟ್ಟಿ ಮಾಡಿ ತಾರೀಖು ಕೆತ್ತುವುದು ಎಷ್ಟು ಹೊತ್ತಿನ ಕೆಲಸ? ಅವನ ಮುಖಕ್ಕೇ ಹೇಳಿದೆ. ಪಟ್ಟಿ ಅಲ್ಲೇ ಬಿಟ್ಟು ಹೋದ. ಕೋಪ ಬಂದಂತೆ ಕಾಣಲಿಲ್ಲ. ಅದೇ ಅನುಮಾನ.

11-4-1972

ಸಾಹೇಬರು ಇಬ್ಬರನ್ನೂ ಕೂರಿಸಿಕೊಂಡರು. ಚಿನ್ನಸ್ವಾಮಿ ಮತ್ತೆ ಅದೇ ಹೇಳಿದ. ಅಚ್ಚು, ತಗಡು, ತೂತು ಎಲ್ಲಕ್ಕೂ ಅವನೇ ಜವಾಬ್ದಾರನಂತೆ, 23ರ ರಿವೆಟ್ಟಿಗೆ ಮಾತ್ರ ಜವಾಬು ಕೊಡಲಾರೆ ಎಂದ. ದೊಡ್ಡಬೀರಪ್ಪನನ್ನು ಕರೆಸಿದರು. ಡಬ್ಬಿ ಪೆಟ್ಟಿಗೆಯಿಂದಲೇ ತೆಗೆದೆ, ತಣ್ಣೀರಲ್ಲೇ ಇತ್ತು ಎಂದ. ತಲೆಯಾಡಿಸಿದ. ನಾನೂ ಅದನ್ನೇ ಹಿಡಿದು ಕೇಳಿದೆ — ಪೆಟ್ಟಿಗೆಯಿಂದ ಬಂದ ರಿವೆಟ್ಟು ಸೀಳುವುದಾದರೂ ಹೇಗೆ?

ಸಾಹೇಬರು ನನ್ನ ಕಡೆ ತಿರುಗಿದರು.

"ಬೈಲಪ್ಪನವರೇ, ಮುದ್ರೆ ನಿಮ್ಮದು. ಬಿಚ್ಚಿ ಅಂದ್ರೆ ಬಿಚ್ಚಿಸ್ತೀನಿ, ಆರು ತಿಂಗಳು ಹೋದ್ರೆ ಹೋಗ್ಲಿ. ಬೇಡ ಅಂದ್ರೆ ಹಾರಿಸ್ತೀನಿ. ನೀವು ಹೇಳಿದ್ದೇ ಕೊನೆ."

ಲೆನ್ಸ್ ಹಿಡಿದು ಹೋದೆ. ರೆಕ್ಕೆ ಮುಚ್ಚಿ ಆಗಿದೆ, ಹೊರಗೆ ಕಾಣುವುದು ರಿವೆಟ್ಟಿನ ತಲೆ ಮಾತ್ರ. ತಲೆಗಳೆಲ್ಲ ಚೆನ್ನಾಗಿದ್ದವು. ನನ್ನ 17 ಅಲ್ಲೇ ಕೂತಿತ್ತು. ಅದರ ಪಕ್ಕ ಇನ್ನೊಂದು ಹಾಕಿದೆ. ಜೋರಾಗಿಯೇ ಹೊಡೆದೆ, ಚಿನ್ನಸ್ವಾಮಿಗೆ ಕೇಳಿಸಲಿ ಎಂದು.

ಒಂದು ಮಾತು. 23ರಂದು ಲೆನ್ಸ್ ಇಟ್ಟಿದ್ದೆನೇ? ಇಟ್ಟೇ ಇರುತ್ತೇನೆ. ಇಡದೆ ಯಾವತ್ತು ಮುದ್ರೆ ಹಾಕಿದ್ದೇನೆ?

13-4-1972

ಅಂಜಿನಮ್ಮ ಊಟಕ್ಕೆ ಬಡಿಸಿ ಎದುರಿಗೇ ಕೂತಳು. ಹಾಗೆ ಕೂರುವವಳಲ್ಲ. ಅವರಮ್ಮ ಸತ್ತಾಗ ಗಂಗಣ್ಣನಿಗೆ ಮೂರು ವರ್ಷ. ನಮ್ಮ ಮದುವೆಯಾಗಿ ಇವಳು ಬರುವಾಗ ಅವನನ್ನೂ ಸೊಂಟದ ಮೇಲೆ ಕರೆದುಕೊಂಡೇ ಬಂದಳು. ನಮಗೆ ಮಕ್ಕಳಾಗಲಿಲ್ಲ. ಆಗಬೇಕು ಎಂದು ಅವಳು ಹರಕೆ ಹೊತ್ತದ್ದೂ ನಾನು ಕಾಣೆ.

"ಆ ಮದ್ರಾಸಿನವ್ನು ಬ್ಯಾಡ ಅಂತಿದ್ದಾನಂತೆ, ಹೌದಾ?"

ಅವನ ಬುದ್ಧಿ ಬೇರೆ ಎಂದೆ.

"ಅವ್ನ ವಿಷ್ಯ ಬಿಡಿ. ನೀವು ನಿಮ್ಮ ಕಣ್ಣಾರ ನೋಡಿದ್ದೀರಾ? ನನ್ನ ಕಾಫಿಪುಡಿ ನೋಡೋ ಅಷ್ಟು ನೋಡಿದ್ರೆ ಸಾಕು ನಂಗೆ."

ನೋಡಿದ್ದೇನೆ ಎಂದೆ. ಅವಳು ಎದ್ದು ಮಜ್ಜಿಗೆ ತಂದಳು. ಅಷ್ಟಕ್ಕೇ ನಂಬಿಬಿಟ್ಟಳು. ಮೂವತ್ತು ಮಾತಾಡಿದರೂ ನಾನು ಯಾರನ್ನೂ ನಂಬುವವನಲ್ಲ, ಅವಳು ಒಂದು ಮಾತಿಗೆ ನಂಬುತ್ತಾಳೆ. ಊಟ ಸೇರಲಿಲ್ಲ.

15-4-1972, ಶನಿವಾರ, ಬೆಳಿಗ್ಗೆ 7

ಶೆಡ್ಡಿನಲ್ಲಿ ನಾನೊಬ್ಬನೇ. ಎಲ್ಲರೂ ಕೆರೆ ಅಂಗಳಕ್ಕೆ ಹೋಗಿದ್ದಾರೆ. ಇಲ್ಲಿಂದ ಎರಡು ಮೈಲಿ. ಕೆರೆ ಒಣಗಿ ಚಾಪೆ ಹಾಸಿದ ಹಾಗಿದೆ. ಏಳೂವರೆಗೆ ಮೇಲೇಳುವುದು ಎಂದು ಗೊತ್ತಾಗಿದೆ. ಅಂಜಿನಮ್ಮನೂ ಹೋಗಿದ್ದಾಳೆ, ಎಲೆ ಅಡಿಕೆ ತೆಂಗಿನಕಾಯಿ ಹಿಡಿದು.

ನಾನು ಹೋಗಲಿಲ್ಲ. ಮುದ್ರೆ ಹಾಕಿದವನು ಮೊದಲ ಹಾರಾಟ ನೋಡಬಾರದು, ಹೆತ್ತವರ ಕಣ್ಣೇ ಮೊದಲು ತಾಗುವುದು. ನಮ್ಮ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರುಗಳೆಲ್ಲ ಆ ಹೊತ್ತಿಗೆ ಕ್ಯಾಂಟೀನಿಗೆ ಹೋಗಿ ಕೂರುತ್ತಿದ್ದೆವು. ಅಲ್ಲಿಯೇ ಸದ್ದು ಕೇಳುತ್ತಿತ್ತು. ಎದ್ದಿತು, ತಿರುಗಿತು, ಇಳಿಯಿತು ಎಂದು ಕಿವಿಯಲ್ಲೇ ತಿಳಿಯುತ್ತಿದ್ದೆವು.

ಗಂಗಣ್ಣ ಹೊರಡುವಾಗ ಕಾಲಿಗೆ ಬಿದ್ದ. ಹುಷಾರು ಎಂದೆ. "ನಿಮ್ಮ ಹದಿನೇಳು ಎರಡೆರಡು ಸಲ ಬಿದ್ದಿದೆಯಲ್ಲ ಭಾವ, ನಂಗೇನು ಭಯ" ಎಂದು ನಕ್ಕ. ಚಿನ್ನಸ್ವಾಮಿ ಬಾಗಿಲಲ್ಲಿ ನಿಂತಿದ್ದ. ಕೊನೆಯ ಸಲ ಕೇಳ್ತೀನಿ ಸಾರ್ ಎಂದ. ನಾನು ಡೈರಿ ತೆರೆದೆ.

ಹೊತ್ತು ಹೋಗಲೆಂದು ಅವನ ಮೇಲೆ ಒಂದು ರಿಪೋರ್ಟ್ ಬರೆಯುತ್ತಿದ್ದೇನೆ. ಹಾರಾಟ ಮುಗಿದ ಕೂಡಲೇ ಸಾಹೇಬರ ಕೈಗೆ. ಎಲ್ಲಕ್ಕೂ ತಾರೀಖು ಬೇಕಲ್ಲ, ಈ ಡೈರಿಯಿಂದಲೇ ನಕಲು. ಅವನು ಬಂದ ದಿನದ್ದು, ಪಟ್ಟಿ ಇಟ್ಟ ದಿನದ್ದು ಆಯಿತು. ಈಗ 23ರದ್ದು. ಅವತ್ತು ಎಲ್ಲವೂ ಕ್ರಮವಾಗಿಯೇ ನಡೆದಿತ್ತು ಎಂದು ತೋರಿಸಬೇಕು.

ಪೂಜೆ ಹನ್ನೊಂದಕ್ಕೆ. ರಿವೆಟ್ ಕೆಲಸ ಮೂರಕ್ಕೆ. ಥರ್ಮಾಮೀಟರ್ ಎಷ್ಟಿತ್ತು? ಪೆಟ್ಟಿಗೆಯ ಪುಸ್ತಕ ತೆಗೆದೆ. ಬರೆದಿಲ್ಲ. ಬೆಳಿಗ್ಗೆಯದ್ದೂ ಇಲ್ಲ, ಮಧ್ಯಾಹ್ನದ್ದೂ ಇಲ್ಲ. ಬೇರೆ ಎಲ್ಲ ದಿನವೂ ಇದೆ. ಇರಲಿ. ಮತ್ತೆ ಡೈರಿ. ಕಣ್ಣು ಹಾಯಿಸಿದೆ, ಸರಿಯಿತ್ತು. ಲೆನ್ಸ್ ಎಂದು ಬರೆದಿಲ್ಲ.

ಪಾಪಕ್ಕ ಎಂದಿನಂತೆ ಕೀಲಿ ತೆಗೆದುಕೊಂಡು ಹೋದಳು. ಪಾನಕ ಎರಡು ಲೋಟ. ಹಲ್ಲು ಜುಮ್ಮೆಂದಿತು.

ಹಲ್ಲು ಜುಮ್ಮೆಂದಿತು.

ಮಡಕೆ ನೀರಿಗೆ ಹಲ್ಲು ಜುಮ್ಮೆನ್ನುವುದಿಲ್ಲ. ಇಪ್ಪತ್ತು ಜನಕ್ಕೆ ಪಾನಕ. ಪೆಟ್ಟಿಗೆಯ ಅಷ್ಟೂ ಐಸು ಅದಕ್ಕೇ. ರಿವೆಟ್ಟಿನ ಡಬ್ಬಿ ಹನ್ನೊಂದರಿಂದ ಮೂರರವರೆಗೆ ಬರೀ ನೀರಿನಲ್ಲಿ, ಗಟ್ಟಿಯಾಗುತ್ತಾ. ಕೀಲಿ ಕೊಟ್ಟವನು ನಾನು. ಕುಡಿದು ಹೊಗಳಿದವನೂ ನಾನೇ. ಚಿನ್ನಸ್ವಾಮಿ ಹೇಳಿದ್ದು ಅಕ್ಷರಕ್ಕಕ್ಷರ

7-24. ಕಿವಿಗೊಟ್ಟೆ. ಏನೂ ಕೇಳುತ್ತಿಲ್ಲ. ಎದ್ದಿದ್ದರೂ ಕೇಳುವುದಿಲ್ಲವಲ್ಲ, ದೇವರೇ. ಎರಡು ಮೈಲಿ. ಸೈಕಲ್ಲು